ಬಾರಪ್ಪ, ನಡಿಯಪ್ಪ ಮತ್ತು ಅಂಜಿನವ್ವ

ಪರಶುರಾಮ್ ಅವರನ್ನು ವಿದ್ಯಾನಗರದ ಕಾಲೇಜೊಂದು ಉಪನ್ಯಾಸಕ್ಕೆ ಕರೆದಿತ್ತು. ನಲವತ್ತೆಂಟು ದಾಟಿದ ಗಂಡಸನ್ನು ಮಾತಾಡಿ ಎಂದು ಯಾರಾದರೂ ಕರೆಯುವುದೇ ಅಪರೂಪ; ನಮ್ಮಂಥವರನ್ನು ಮನೆಯಲ್ಲಿ ಸುಮ್ಮನಿರಿ ಎಂದು ಹೇಳುವುದಕ್ಕಷ್ಟೇ ಕರೆಯುತ್ತಾರೆ. ಹಾಗಾಗಿ ಅವರು ಇಸ್ತ್ರಿ ಅಂಗಿ ತೊಟ್ಟು, ಉಳಿದಷ್ಟು ಕೂದಲಿಗೆ ಬಣ್ಣ ಹಚ್ಚಿ, ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂದು ಅದನ್ನು ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟು, ಅರ್ಧ ಗಂಟೆ ಮುಂಚೆ ಹೋಗಿ ಕೂತರು. ವಿಷಯ: ಮೊಬೈಲ್ ಆಪ್‌ಗಳಲ್ಲಿ ಅಂತಾರಾಷ್ಟ್ರೀಯ ಗುಣಮಟ್ಟ.

ಮೊದಲ ನಲವತ್ತು ನಿಮಿಷ ಎಲ್ಲ ಸುಸೂತ್ರವಾಗಿತ್ತು, ಅಂದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. “ಆಪ್‌ನ ಪರದೆ ಅಂದ್ರೆ ಏನು? ಮೊದಲು ಅದೊಂದು ಎಕ್ಸ್‌ಎಂಎಲ್ ಫೈಲು. ಎಲ್ಲಿ ಬಟನ್, ಎಲ್ಲಿ ಅಕ್ಷರ, ಎಷ್ಟಗಲ, ಎಷ್ಟೆತ್ತರ ಎಲ್ಲ ಅದರಲ್ಲಿ ಬರೆದಿಡಬೇಕು. ಪ್ರತಿ ಬಟನ್‌ಗೂ ಒಂದು ಐಡಿ, ಅಂದ್ರೆ ಗುರುತಿನ ಹೆಸರು ಕೊಡಬೇಕು. ಬಟನ್ ಒತ್ತೋರಿಗೆ ಆ ಹೆಸರು ಕಾಣಲ್ಲ. ಆದರೆ ಒಳಗಿನ ಪ್ರೋಗ್ರಾಂ ಬಟನ್ನನ್ನು ಕರೆಯೋದು ಆ ಹೆಸರಿಂದಲೇ. ನಮ್ಮ ಕಂಪನಿಯ ಫೈಲನ್ನೇ ತೋರಿಸ್ತೀನಿ, ಗುಣಮಟ್ಟ ನೋಡಿ,” ಎಂದು ಪರಶುರಾಮ್ ಗೋಡೆಯ ಮೇಲೆ ಫೈಲು ತೆರೆದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಳು. ಹಿಂದಿನಿಂದ ಯಾರೋ ಕೇಳಿದರು: “ಸಾರ್, ಆ ಕೆಂಪು ಬಟನ್ ಹೆಸರೇನ್ರಿ? ಜೋರಾಗಿ ಓದ್ರಿ, ಕಾಣಂಗಿಲ್ಲ.”

ಕನ್ನಡಕವಿಲ್ಲದ ಪರಶುರಾಮ್ ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಮೈಕಿನಲ್ಲಿ ಗಂಭೀರವಾಗಿ ಓದಿದರು: “ಬಟನ್... ನಡಿಯಪ್ಪ.”

“ಆಯ್ತು ಸಾರ್,” ಎಂದು ಹಿಂದಿನ ಬೆಂಚು ಬ್ಯಾಗು ಹೆಗಲಿಗೇರಿಸಿ ಎದ್ದಿತು. ಅದರ ಹಿಂದೆ ನಡುವಿನ ಬೆಂಚು. ಎರಡು ನಿಮಿಷದಲ್ಲಿ ಸಭಾಂಗಣದಲ್ಲಿ ಉಳಿದವರು ಇಬ್ಬರೇ: ಪರಶುರಾಮ್, ಮತ್ತು ಅವರಿಗೆ ಹೊದಿಸಲು ಶಾಲು ಹಿಡಿದು ನಿಂತಿದ್ದ ಉಪನ್ಯಾಸಕ.

ಆ ಹೆಸರಿಟ್ಟವಳು ಅಂಜಿನವ್ವ.

ಅಂಜಿನವ್ವ ಎಂಜಿನಿಯರ್ ಅಲ್ಲ. ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯ ಸೊಸೆ, ಪಿಯುಸಿ ಓದಿದ್ದಾಳೆ, ನಲವತ್ನಾಲ್ಕು ವರ್ಷ. ಹರಿಹರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಡಿಟಿಪಿ ಆಪರೇಟರ್ ಆಗಿದ್ದಳು. ಸುತ್ತಲ ಹಳ್ಳಿಗಳ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಆಕೆಯ ಬೆರಳ ತುದಿಯಿಂದಲೇ ಹೊರಬಿದ್ದವು. ಅಂಥ ಕೆಲಸದಲ್ಲಿ ಅಕ್ಷರ ತಪ್ಪಿದರೆ ಪರವಾಗಿಲ್ಲ, ಹೆಸರು ತಪ್ಪಿದರೆ ಹೊಡೆದಾಟ. ವರನ ಸೋದರಮಾವನನ್ನು ಬಿಟ್ಟು ಚಿಕ್ಕಪ್ಪನನ್ನು ಹಾಕಿದ ಒಂದು ಕಾರ್ಡಿಗಾಗಿ ಪ್ರೆಸ್ಸಿನ ಗಾಜು ಒಡೆದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ತಪ್ಪು ಮಾಡಿದ್ದು ಚೀಟಿ ಬರೆದುಕೊಟ್ಟಿದ್ದ ವರನ ತಂದೆಯೇ. ಆದರೆ ಮಾಲೀಕ ಗಾಬರಿಯಿಂದ ಮೊದಲು ಹೊಸ ಕಾರ್ಡು ಹಾಕಿಸಿದ. ಅಷ್ಟರಲ್ಲಿ ಆ ತಂದೆಯ ಕೈಬರಹದ ಚೀಟಿ ಕಸದ ಬುಟ್ಟಿಗೆ ಹೋಗಿತ್ತು. ತಪ್ಪು ಆಪರೇಟರ್ ತಲೆಗೆ ಬಂತು. ಅಂದಿನಿಂದ ಅಂಜಿನವ್ವ ಪ್ರತಿ ಕಾರ್ಡಿನ ಕೈಬರಹವನ್ನೂ ಗೋಡೆಯ ಮೊಳೆಗೆ ಚುಚ್ಚಿಡತೊಡಗಿದಳು. ಮದುವೆಯಾಗಿ ಮಕ್ಕಳಾದವರ ಚೀಟಿಗಳೂ ಅಲ್ಲಿದ್ದವು.

ಕಾರ್ಡುಗಳು ವಾಟ್ಸಾಪಿಗೆ ಹೋದವು, ಪ್ರೆಸ್ಸು ಮುಚ್ಚಿತು. ದಾವಣಗೆರೆಯ ವಿದ್ಯಾನಗರದಲ್ಲಿ ಗಣೇಶ ಎಂಬ ಮೂವತ್ತೊಂದರ ಯುವಕ ಆಪ್ ಮಾಡುವ ಕಂಪನಿ ತೆರೆದಿದ್ದ. ಕಂಪನಿ ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಕನ್ನಡ ಟೈಪ್ ಮಾಡುವವರು ಬೇಕೆಂದು ಆಕೆಯನ್ನು ಕರೆದ. ಆಪ್‌ಗಳಲ್ಲಿ ಪರದೆಯ ಮೇಲೆ ಕಾಣುವ ಮಾತುಗಳನ್ನೆಲ್ಲ ಒಂದು ಬೇರೆ ಫೈಲಿನಲ್ಲಿ ಸಾಲಾಗಿ ಬರೆದಿಡುತ್ತಾರೆ. ಅದನ್ನು ತುಂಬುವುದಷ್ಟೇ ಆಕೆಯ ಕೆಲಸ. ಅಂಜಿನವ್ವ ದಿನಾ ಹರಿಹರದಿಂದ ಬಸ್ಸು ಹತ್ತಿ ಬಂದು, ಚೂಪು ಕಂಸಗಳ ನಡುವೆ ಕನ್ನಡ ಕೂರಿಸಿ, ಟೆರೇಸಿನ ಮೇಲೆ ಒಬ್ಬಳೇ ರೊಟ್ಟಿ ತಿಂದು, ಬಸ್ಸಿಗೆ ವಾಪಸ್ಸಾಗುತ್ತಿದ್ದಳು. ಮೂರು ತಿಂಗಳಲ್ಲಿ ಪಕ್ಕದ ಫೈಲೂ ಅರ್ಥವಾಯಿತು, ಪರದೆಯ ನಕ್ಷೆ ಇರುವಂಥದ್ದು. ತೆರೆದ ಕಂಸವನ್ನು ಮುಚ್ಚಬೇಕು, ಒಳಗಿನದು ಒಳಗೇ ಇರಬೇಕು, ಅಂಚು ಸಮ ಇರಬೇಕು. ಹದಿನೆಂಟು ವರ್ಷ ಕಾರ್ಡು ಕೂರಿಸಿದವಳಿಗೆ ಇದೇನು ಮಹಾ? ಆಕೆ ಹೇಳದೆ ಕೇಳದೆ ಅದನ್ನೂ ತಿದ್ದತೊಡಗಿದಳು.

ಆ ಫೈಲುಗಳು ಪರಶುರಾಮ್ ಅವರವು. ಅವರು ಹದಿನೈದು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ, ಬೇಸತ್ತು, ಗಣೇಶನ ಕಂಪನಿಗೆ ಹಿರಿಯ ತಲೆಯಾಗಿ ಬಂದವರು. ತಾವು ಆಫೀಸಿನ ಮೆದುಳು, ಉಳಿದವರು ಕೈಕಾಲು ಎಂಬುದು ಅವರ ಲೆಕ್ಕಾಚಾರ. ಒಂದು ದಿನ ಅಂಜಿನವ್ವ ಕುರ್ಚಿ ತಿರುಗಿಸಿ ಕೇಳಿದಳು:

“ಮೇಷ್ಟ್ರೇ, ಈ ಟೆಕ್ಸ್ಟ್‌ವ್ಯೂ ಮೂವತ್ತೇಳು ಅನ್ನೋದು ಯಾರ್ರಿ?”

ಮೇಷ್ಟ್ರೇ ಎಂದರೆ ಪರಶುರಾಮ್‌ಗೆ ಆಗುತ್ತಿರಲಿಲ್ಲ. “ಯಾರು ಅಂದ್ರೆ? ಪರದೆ ಮೇಲೆ ಅಕ್ಷರ ತೋರಿಸೋ ಒಂದು ಜಾಗ ಅದು.”

“ಏನು ತೋರಿಸುತ್ರಿ?”

“ನೋಡ್ಬೇಕು.”

“ಬರೆದೋರು ನೀವೇ ಅಲ್ಲೇನ್ರಿ?”

“ಹೌದು, ಏನೀಗ?”

“ಹಡೆದೋರಿಗೇ ಗುರ್ತು ಸಿಗ್ಲಿಲ್ಲ ಅಂದ್ರೆ ಹೆಂಗ್ರಿ.”

ಆಮೇಲಿಂದ ಇಬ್ಬರ ನಡುವೆ ಬಾಯಿಮಾತು ನಿಂತಿತು. ಜಗಳ ನಿಲ್ಲಲಿಲ್ಲ, ಫೈಲಿನೊಳಕ್ಕೆ ಹೋಯಿತು. ಎಕ್ಸ್‌ಎಂಎಲ್ ಫೈಲಿನಲ್ಲಿ ಕಂಪ್ಯೂಟರ್ ಓದದೆ ದಾಟಿ ಹೋಗುವ ಟಿಪ್ಪಣಿ ಸಾಲುಗಳಿರುತ್ತವೆ. ಅಲ್ಲಿ ಪರಶುರಾಮ್ ಬರೆದರು: ‘ಈ ಭಾಗವನ್ನು ಟೈಪಿಸ್ಟ್‌ಗಳು ಮುಟ್ಟಬಾರದು.’ ಮರುದಿನ ಅದರ ಕೆಳಗೆ ಇತ್ತು: ‘ಮುಟ್ಟದಿದ್ದರೆ ಈ ಬಟನ್ ಪರದೆಯ ಆಚೆ ಬೀಳುತ್ತಿತ್ತು. ಎತ್ತಿ ಇಟ್ಟಿದ್ದೇನೆ.’ ಪರಶುರಾಮ್: ‘ಬಟನ್ ಇಷ್ಟು ದೊಡ್ಡದಿರಬಾರದು, ಮಂಚದ ಹಾಗೆ ಕಾಣುತ್ತದೆ.’ ಅಂಜಿನವ್ವ: ‘ಒತ್ತುವವರ ಹೆಬ್ಬೆರಳು ನೋಡಿದ್ದೀರಾ?’ ಹೀಗೆ ಆರು ವರ್ಷ. ಕಂಪನಿಯ ಕೆಲವು ಫೈಲುಗಳಲ್ಲಿ ಬಟನ್‌ಗಳಿಗಿಂತ ಬೈಗುಳವೇ ಹೆಚ್ಚು. ಕಂಪ್ಯೂಟರ್ ಪುಣ್ಯಾತ್ಮ, ಒಂದನ್ನೂ ಓದಲಿಲ್ಲ.

ಹೆಬ್ಬೆರಳಿನ ಮಾತು ಬಂದದ್ದು ಸೂರಪ್ಪನ ಕೆಲಸದಲ್ಲಿ. ಸೂರಪ್ಪ ಮಂಡಿಪೇಟೆಯ ಸಗಟು ವ್ಯಾಪಾರಿ. ಹರಿಹರದ ಆಚೆ ಮೆಕ್ಕೆಜೋಳದ ದೊಡ್ಡ ಗೋದಾಮು ಇಟ್ಟಿದ್ದಾನೆ. ಸುಗ್ಗಿಯಲ್ಲಿ ಅಲ್ಲಿ ಟ್ರ್ಯಾಕ್ಟರ್ ಸಾಲುಗಟ್ಟುತ್ತವೆ. ಗೇಟಿನ ಖಲೀಲ್ ಚೀಲಕ್ಕೆ ಮೀಟರ್ ಚುಚ್ಚಿ ತೇವ ನೋಡುತ್ತಾನೆ. ಕಾಳು ಒಣಗಿದ್ದರೆ ಒಳಗೆ, ಹಸಿ ಇದ್ದರೆ ವಾಪಸ್. ಇದನ್ನು ಟ್ಯಾಬಿನಲ್ಲಿ ಒತ್ತಿ ಚೀಟಿ ಮುದ್ರಿಸುವ ಆಪ್ ಬೇಕೆಂದು ಸೂರಪ್ಪ ಕೇಳಿದ್ದ.

ಅಂಜಿನವ್ವನ ರೀತಿಯೇ ಬೇರೆ. ಪರದೆಗೆ ಕೈ ಹಚ್ಚುವ ಮೊದಲು ಆಕೆ ಅದನ್ನು ಬಳಸುವವರ ಹತ್ತಿರ ಹೋಗಿ ಕೂರುತ್ತಾಳೆ. ಗೇಟಿನ ಬಳಿ ಅರ್ಧ ದಿನ ಕೂತು, ಖಲೀಲನ ಹೆಬ್ಬೆರಳನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಅಳತೆ ತಂದಳು. ಆಮೇಲೆ ಕೇಳಿದಳು:

“ಖಲೀಲಣ್ಣ, ಗಾಡಿ ಒಳಗೆ ಬಿಡ್ವಾಗ ಏನಂತೀಯ?”

“ಏನಂತೀನಿ? ಬಾರಪ್ಪ ಅಂತೀನಿ.”

“ಹಸಿ ಇದ್ರೆ?”

“ನಡಿಯಪ್ಪ ಅಂತೀನಿ. ಜಗಳಕ್ಕೆ ನಿಂತ್ರೆ ಬ್ಯಾರೆ ಅಂತೀನಿ, ಅದನ್ನ ಬರ್ಕೋಬ್ಯಾಡಕ್ಕ.”

ಆಕೆ ಹಾಗೆಯೇ ಬರೆದುಕೊಂಡಳು. ಪರದೆಯ ಮೇಲೆ ಹಸಿರು ಬಟನ್‌ನಲ್ಲಿ ‘ಒಳಗೆ’ ಎಂದೂ ಕೆಂಪು ಬಟನ್‌ನಲ್ಲಿ ‘ವಾಪಸ್’ ಎಂದೂ ಕಾಣುತ್ತಿತ್ತು. ಒಳಗಿನ ಗುರುತಿನ ಹೆಸರು ಮಾತ್ರ ಬಾರಪ್ಪ, ನಡಿಯಪ್ಪ. ಯಾವ ಬಟನ್ ಯಾವುದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೋದ ಸುಗ್ಗಿ ಪೂರ್ತಿ ಆಪ್ ಒಂದು ದಿನವೂ ಕೈ ಕೊಡಲಿಲ್ಲ.

ಈಗ ಕಾಲೇಜಿನ ಮರುದಿನಕ್ಕೆ ಬರೋಣ. ಪರಶುರಾಮ್ ರಾತ್ರಿಯ ಊಟವನ್ನೂ ಸರಿಯಾಗಿ ಮಾಡಿರಲಿಲ್ಲ. ಮಧ್ಯಾಹ್ನ ಅಂಜಿನವ್ವ ರೊಟ್ಟಿಯ ಡಬ್ಬಿ ಹಿಡಿದು ಟೆರೇಸಿಗೆ ಹೋದದ್ದೇ ತಡ, ಆ ಫೈಲು ತೆರೆದರು. ಎಲ್ಲ ಕಡೆ ಒಂದೇ ಸಲ ಹೆಸರು ಬದಲಾಯಿಸುವ ಸೌಲಭ್ಯ ಇದೆಯಲ್ಲ, ಅದರಲ್ಲಿ ‘ಬಟನ್ ಬಾರಪ್ಪ’ ಹುಡುಕಿ ‘ಬಟನ್ ಒಂದು’ ಮಾಡಿದರು. ಫೈಲಿನಲ್ಲಿ, ಪ್ರೋಗ್ರಾಂನಲ್ಲಿ, ಇದ್ದ ಇಪ್ಪತ್ತಾರು ಕಡೆಯೂ ಬಾರಪ್ಪ ಸತ್ತ. ಅಂತಾರಾಷ್ಟ್ರೀಯ ಗುಣಮಟ್ಟ ಅರ್ಧ ಬಂದಂತಾಯಿತು. ನಡಿಯಪ್ಪನನ್ನು ‘ಬಟನ್ ಎರಡು’ ಮಾಡಬೇಕು ಎನ್ನುವಷ್ಟರಲ್ಲಿ ಫೋನು.

ಕಾಲೇಜಿನ ಉಪನ್ಯಾಸಕ. “ಸಾರ್, ಮ್ಯಾಗಜೀನಿಗೆ ನಿಮ್ಮ ಫೋಟೋ ಬೇಕಿತ್ತು. ನಿನ್ನೇದರಲ್ಲಿ ಒಂದೂ ಸರಿ ಇಲ್ರಿ. ಎಲ್ಲಾದರಲ್ಲೂ ಬರೀ ಖಾಲಿ ಕುರ್ಚಿ.”

ಪರಶುರಾಮ್ ಫೋನು ಕುಕ್ಕಿದರು. ಅದೇ ಸಿಟ್ಟಿನಲ್ಲಿ, ಹೊಸ ಹೆಸರು ಟೈಪ್ ಮಾಡುವ ಬದಲು ಕಾಪಿಯಾಗಿ ಕೂತಿದ್ದ ಹಳೆಯದನ್ನೇ ಪೇಸ್ಟ್ ಮಾಡಿದರು. ನಡಿಯಪ್ಪನೂ ‘ಬಟನ್ ಒಂದು’ ಆದ. ಅಂಚಿನಲ್ಲಿ ಕೆಂಪು ಗೆರೆ ಮೂಡಿತು: ಒಂದೇ ಹೆಸರು ಎರಡು ಸಲ ಇದೆ ಎಂದು ಕಂಪ್ಯೂಟರ್ ತನ್ನ ಮಟ್ಟಿಗೆ ಹೇಳಿತು. ಹದಿನೈದು ವರ್ಷ ಮಕ್ಕಳ ಪುಸ್ತಕಕ್ಕೆ ಕೆಂಪು ಗೆರೆ ಎಳೆದವರು ತಮ್ಮ ಪುಸ್ತಕದ ಕೆಂಪು ಗೆರೆ ನೋಡುವುದುಂಟೆ? ‘ಹೆಸರುಗಳ ಗುಣಮಟ್ಟ ಸುಧಾರಣೆ’ ಎಂದು ಷರಾ ಬರೆದು, ಹೊಸ ಆವೃತ್ತಿಯನ್ನು ಹರಿಹರದ ಟ್ಯಾಬಿಗೆ ಕಳಿಸಿ, ಕೆಳಗಿಳಿದು ಚಹಾ ಕುಡಿದರು. ಈ ಸುಗ್ಗಿಯ ಗೇಟು ಮರುದಿನ ಶನಿವಾರ ಬೆಳಿಗ್ಗೆಯೇ ತೆರೆಯುವುದಿತ್ತು.

ಒಂದೇ ಹೆಸರಿನ ಇಬ್ಬರು ಪಕ್ಕಪಕ್ಕ ನಿಂತಾಗ ಕೂಗಿದರೆ ಮೊದಲನೆಯವನೇ ಓ ಎನ್ನುತ್ತಾನೆ. ಪ್ರೋಗ್ರಾಂ ಕೂಗಿತು: ಬಟನ್ ಒಂದು, ನೀನು ಗಾಡಿ ಒಳಗೆ ಬಿಡು. ಹಸಿರು ಬಟನ್ ಓ ಎಂದಿತು. ಮತ್ತೆ ಕೂಗಿತು: ಬಟನ್ ಒಂದು, ನೀನು ವಾಪಸ್ ಕಳಿಸು. ಮತ್ತೆ ಹಸಿರೇ ಓ ಎಂದಿತು, ಹಳೆಯ ಆಜ್ಞೆ ಮರೆತು ಹೊಸದನ್ನು ಹಿಡಿಯಿತು. ಕೆಂಪು ಬಟನ್ನನ್ನು ಯಾರೂ ಕರೆಯಲೇ ಇಲ್ಲ. ಅದು ಸುಮ್ಮನೆ ಚಂದಕ್ಕೆ ಕೂತಿತು.

ಗೇಟಿಗೆ ಮೊದಲು ಬಂದ ಟ್ರ್ಯಾಕ್ಟರ್ ಸಾರಥಿಯ ಗುತ್ತೆಪ್ಪನದು. ಎಂಟು ದಿನ ರಸ್ತೆ ಬದಿಯಲ್ಲಿ ಜೋಳ ಹರವಿ, ಹಗಲು ಕಾಲಲ್ಲಿ ಕೆದರಿ, ಸಂಜೆ ತಾಡಪಾಲು ಹೊದಿಸಿ ಒಣಗಿಸಿದವನು. ಖಲೀಲ್ ಮೀಟರ್ ಚುಚ್ಚಿದ, ಮೆಚ್ಚಿದ, ಹಸಿರು ಒತ್ತಿದ. ಚೀಟಿ ಬಂತು: ‘ವಾಪಸ್. ಒಣಗಿಸಿ ತನ್ನಿ.’ ಗುತ್ತೆಪ್ಪನ ಮೊಬೈಲಿಗೂ ಅದೇ ಸಂದೇಶ. ಎರಡನೇ ಗಾಡಿಗೂ ಅದೇ, ಮೂರನೆಯದಕ್ಕೂ ಅದೇ. ಒಂದು ಹಸಿ ಜೋಳದ ಗಾಡಿ ಬಂದಾಗ ಖಲೀಲ್ ಕೆಂಪು ಒತ್ತಿದ, ಏನೂ ಆಗಲಿಲ್ಲ. ಹತ್ತು ಗಂಟೆಗೆ ಗೇಟಿನ ಮುಂದೆ ನಲವತ್ತು ಟ್ರ್ಯಾಕ್ಟರ್ ನಿಂತಿದ್ದವು. ಗುತ್ತೆಪ್ಪನಿಗೆ ವಿಷಯ ಹೊಳೆದುಬಿಟ್ಟಿತು: ಈ ಆಪ್ ಮಾಡಿದವಳು ತನ್ನ ತಮ್ಮನ ಹೆಂಡತಿ ಅಂಜಿನವ್ವ. ಹೊಲದ ಬದುವಿನ ವಿಚಾರಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಸೂರಪ್ಪನ ಫೋನು ಬಂದ ಕೂಡಲೇ ಗಣೇಶನ ಕಾರಿನಲ್ಲಿ ಮೂವರೂ ಹರಿಹರಕ್ಕೆ ಹೊರಟರು. ಗಣೇಶ ಓಡಿಸುತ್ತಿದ್ದ, ಪಕ್ಕದಲ್ಲಿ ಪರಶುರಾಮ್, ಹಿಂದೆ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದ ಅಂಜಿನವ್ವ.

“ಎಕ್ಸ್‌ಎಂಎಲ್ ಫೈಲು ನೋಡ್ಕೊಳೋರು ಯಾರು? ಅಕ್ಕಾನೇ. ಬಟನ್ ಯಾರ್ದು? ಅಕ್ಕಂದೇ. ಇನ್ನು ನಾನು ಯಾರನ್ನ ಕೇಳ್ಲಿ?” ಎಂದು ಗಣೇಶ ದಾರಿಯುದ್ದಕ್ಕೂ ಸ್ಟೇರಿಂಗಿಗೆ ಹೇಳುತ್ತಿದ್ದ.

ಪರಶುರಾಮ್ ಕಿಟಕಿಯಾಚೆ ನೋಡುತ್ತ, ಆರು ವರ್ಷಕ್ಕೊಮ್ಮೆಯಾದರೂ ನ್ಯಾಯ ಸಿಗುತ್ತದೆ ಎಂದುಕೊಳ್ಳುತ್ತಿದ್ದರು. ಆಗ ಹಿಂದಿನಿಂದ ದನಿ ಬಂತು.

“ಮೇಷ್ಟ್ರೇ.”

“ಏನು?”

“ಏನಿಲ್ರಿ.”

ಆ ‘ಏನಿಲ್ರಿ’ಗೆ ಪರಶುರಾಮ್ ಕಿಟಕಿಯಿಂದ ಮುಖ ತಿರುಗಿಸಿದರು. ನಿನ್ನೆಯ ಕೆಂಪು ಗೆರೆ ಈಗ ಕನ್ನಡಕವಿಲ್ಲದೆಯೂ ಕಾಣಿಸಿತು. ಅವರಿಗೆ ಇನ್ನೊಂದೂ ನೆನಪಾಯಿತು: ಫೈಲಿನ ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದರೆಂದು ಆ ಸಾಲಿನ ಪಕ್ಕದಲ್ಲೇ ಹೆಸರು, ದಿನ, ಗಂಟೆ ಬರುತ್ತದೆ. ಅದನ್ನು ಕಡ್ಡಾಯ ಮಾಡಿಸಿದವರು ಅವರೇ, ಟೈಪಿಸ್ಟ್‌ಗಳು ಸಿಕ್ಕಿಬೀಳಲಿ ಎಂದು.

ಗೋದಾಮಿನ ಮುಂದೆ ಕಾರು ನಿಲ್ಲುವ ಮೊದಲೇ ಜನ ಮುತ್ತಿದರು.

“ಬಂದ್ಲು ನೋಡ್ರಪ್ಪ ಸಾಹುಕಾರ್ತಿ!” ಗುತ್ತೆಪ್ಪ ಟ್ರೇಲರ್ ಮೇಲೆ ನಿಂತು ಕೂಗಿದ. “ಬದು ಒತ್ತಿದ್ದು ಸಾಲ್ದು ಅಂತ ಬಟನ್ ಒತ್ತಕ್ಕೆ ಹತ್ತಿದ್ಲು. ನನ್ನ ಗಾಡೀನೇ ಮೊದ್ಲು ಹಿಂದಕ್ಕೆ ಕಳಿಸ್ಯಾಳೆ, ಬೇಕಂತಲೇ ಮಾಡ್ಯಾಳೆ!”

“ಏ ಗಣೇಶ,” ಸೂರಪ್ಪ ಟವೆಲಿನಿಂದ ಕುತ್ತಿಗೆ ಒರೆಸುತ್ತ ಬಂದ. ಸಿಟ್ಟಿಗೆ ಕಾದ ಆ ಮುಖಕ್ಕೆ ಜೋಳ ಹಾಕಿದರೆ ಅರಳುತ್ತಿತ್ತು. “ನಲವತ್ತು ಗಾಡಿ ನಿಂತಾವೆ. ಮಧ್ಯಾಹ್ನದೊಳಗೆ ಇವರೆಲ್ಲ ಬ್ಯಾರೆ ಗೋದಾಮಿಗೆ ಹೊಡ್ಕಂಡು ಹೋಗ್ತಾರೆ. ಮೊದ್ಲು ಸರಿ ಮಾಡ್ಸು.”

“ಅಕ್ಕ, ಬೇಗ,” ಎಂದ ಗಣೇಶ.

ಅಂಜಿನವ್ವ ಒಂದು ಚೀಲದ ಮೇಲೆ ಕೂತು ಲ್ಯಾಪ್‌ಟಾಪನ್ನು ಗಣೇಶನ ಕಡೆ ತಿರುಗಿಸಿದಳು. “ಈ ಎರಡು ಸಾಲಿನ ಪಕ್ಕ ಒಂದು ಹೆಸರೈತೆ, ಓದ್ರಿ. ಆಮೇಲೆ ಸರಿ ಮಾಡ್ತೀನಿ.”

“ಅದನ್ನ ಆಫೀಸಲ್ಲಿ ನೋಡೋಣಕ್ಕ. ಈಗ ಸರಿ ಮಾಡ್ರಿ.”

“ಈಗ ಓದ್ರಿ.”

“ಜನ ಹೊಡಿಯಕ್ಕೆ ಬರ್ತಿದಾರೆ, ಓದೋ ಹೊತ್ತೇನ್ರಿ ಇದು?”

“ನಾನು ಮುಟ್ಟಿದ್ರೆ ಈ ಸಾಲಿನ ಪಕ್ಕ ನನ್ನ ಹೆಸರು ಬರ್ತೈತೆ. ಆಮೇಲೆ ನೀವ್ಯಾರೂ ಹಳೇದನ್ನ ಹುಡುಕಲ್ಲ. ಮುಟ್ಟಲ್ಲ ನಾನು.”

ಹೀಗೆಂದು ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಬೈದರು. ಬೇಡಿಕೊಂಡರು. ಯಾರೋ ಟ್ರ್ಯಾಕ್ಟರಿನ ಹಾರನ್ ಹಿಡಿದು ಬಿಡಲೇ ಇಲ್ಲ. “ನೋಡಿದ್ರಾ ಸೊಕ್ಕು! ಮನ್ಯಾಗೂ ಹಿಂಗೇ!” ಎಂದು ಗುತ್ತೆಪ್ಪ ಸಾಕ್ಷಿ ಹೇಳಿದ. ಖಲೀಲ್ ಮಾತ್ರ ಒಂದು ಲೋಟ ನೀರು ತಂದು ಆಕೆಯ ಪಕ್ಕದಲ್ಲಿಟ್ಟ. ಆಕೆ ಅದಕ್ಕೂ ಕೈ ಹೊರಗೆ ತೆಗೆಯಲಿಲ್ಲ.

ಸೂರಪ್ಪನ ತಾಳ್ಮೆ ಮುಗಿಯಿತು. “ಈಯಮ್ಮನ್ನ ಈಗಿಂದೀಗ್ಲೇ ಕೆಲಸದಿಂದ ತೆಗಿ. ಇಲ್ಲಾಂದ್ರೆ ನಿನ್ನ ಆಪೂ ಬ್ಯಾಡ, ನೀನೂ ಬ್ಯಾಡ.”

ಗಣೇಶ ಕಣ್ಣು ಮುಚ್ಚಿ ತೆರೆದ. “ಅಕ್ಕ, ಸೋಮವಾರದಿಂದ ಬರಬ್ಯಾಡ್ರಿ. ಸಾರ್, ನೀವು ಕೂಡ್ರಿ. ನೀವೇ ಸರಿ ಮಾಡ್ರಿ.”

ಅಂಜಿನವ್ವ ಎದ್ದು ಚೀಲ ಬಿಟ್ಟುಕೊಟ್ಟಳು.

ಪರಶುರಾಮ್ ಕೂತರು. ಆರು ವರ್ಷ ಕನಸು ಕಂಡ ಗಳಿಗೆ ಜೋಳದ ಚೀಲದ ಮೇಲೆ, ಬಿಸಿಲಿನಲ್ಲಿ, ನಲವತ್ತು ಟ್ರ್ಯಾಕ್ಟರಿನ ಹೊಗೆಯ ನಡುವೆ ಬಂದಿತ್ತು. ಸದ್ದಿಲ್ಲದೆ ಸರಿಪಡಿಸಿ ಎದ್ದರೆ ಮುಗಿಯಿತು. ಟೈಪಿಸ್ಟ್ ಹೋಗುತ್ತಾಳೆ, ಮೆದುಳು ಉಳಿಯುತ್ತದೆ. ಅವರು ಪ್ರೋಗ್ರಾಂ ತೆರೆದರು. ಒಳಗೆ ಐವತ್ತೆರಡು ಕಡೆ ‘ಬಟನ್ ಒಂದು’ ಎಂದಿತ್ತು. ಅದರಲ್ಲಿ ಬಾರಪ್ಪ ಎಷ್ಟು, ನಡಿಯಪ್ಪ ಎಷ್ಟು? ಯಾವ ಸಾಲಿನಲ್ಲಿ ಯಾರಿದ್ದರು? ಇಬ್ಬರ ಗುರುತನ್ನೂ ಅಳಿಸಿ ಒಂದೇ ಗುಂಡಿಯಲ್ಲಿ ಹೂಳಿದವರು ತಾವೇ. ಈಗ ಅಗೆದರೆ ಮೂಳೆ ಯಾರದೆಂದು ಹೇಳುವುದು ಹೇಗೆ?

ಇನ್ನೊಂದು ದಾರಿಯಿತ್ತು. ಒಂದೇ ಆಜ್ಞೆಯಲ್ಲಿ ಫೈಲುಗಳನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಆಜ್ಞೆ ಕೊಟ್ಟ ಕೂಡಲೇ ಪರದೆಯ ಮೇಲೆ ಬರುವುದೇನು? ಪರಶುರಾಮ್, ಶುಕ್ರವಾರ, ಮಧ್ಯಾಹ್ನ ಎರಡು ಹದಿನೇಳು, ಹೆಸರುಗಳ ಗುಣಮಟ್ಟ ಸುಧಾರಣೆ, ರದ್ದು. ಗಣೇಶ ಅವರ ಭುಜದ ಮೇಲೆ ಗದ್ದ ಊರುವಷ್ಟು ಹತ್ತಿರದಲ್ಲಿದ್ದ. ಸೂರಪ್ಪ ಇನ್ನೊಂದು ಭುಜದ ಹತ್ತಿರ.

“ಏನಾತ್ ಸಾರ್?” ಎಂದ ಗಣೇಶ.

ಆತ್ಮಸಾಕ್ಷಿ ಎಂದು ದೊಡ್ಡವರು ಕರೆಯುವುದು ಬಹುಶಃ ಇದನ್ನೇ ಇರಬೇಕು: ಎರಡೂ ಕಡೆ ಓಡಲು ದಾರಿಯಿಲ್ಲದಾಗ ಬಾಯಿ ತಾನಾಗಿ ತೆರೆದುಕೊಳ್ಳುವುದನ್ನು. ಪರಶುರಾಮ್ ಹೇಳಿದರು: “ಹೆಸರು ಬದಲಾಯಿಸಿದ್ದು ನಾನು.”

ಅಷ್ಟರಲ್ಲಿ ಯಾವನೋ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ್ದ.

“ಏನಂದ್ರಿ?”

ತಪ್ಪೊಪ್ಪಿಗೆಯನ್ನು ಒಮ್ಮೆ ಹೇಳುವುದೇ ಕಷ್ಟ. ಕಿರುಚಿ ಹೇಳಬೇಕಾಗಿ ಬಂದರೆ ದೇವರೇ ಗತಿ. “ಹೆಸರು ಬದಲಾಯಿಸಿದ್ದು ನಾನೂ ಅಂದೆ! ಅಂಜಿನವ್ವಂದೇನೂ ತಪ್ಪಿಲ್ಲಾ!” ಎಂದು ಪರಶುರಾಮ್ ಕೂಗಿದರು. ಅದೇ ಕ್ಷಣಕ್ಕೆ ಟ್ರ್ಯಾಕ್ಟರ್ ನಿಂತಿತು. ಗೋದಾಮಿನ ಹಿಂದಿನ ಪಾರಿವಾಳಗಳಿಗೂ ಕೇಳಿಸಿತು.

ಎಲ್ಲರೂ ಒಟ್ಟಿಗೇ ಮಾತಾಡಿದರು.

“ಬಣ್ಣ ಹಚ್ಚಿದ ತಲಿ ನೋಡಿ ನಾನು ಮೊದ್ಲೇ ಅಂದ್ಕಂಡಿದ್ದೆ,” ಎಂದ ಸೂರಪ್ಪ. “ನಮ್ ಗೇಟಿನಾಗೆ ಚಲೋತ್ನಾಗಿ ಇದ್ದ ಬಟನ್ನಿಗೆ ನಿಮಗೇನ್ರಿ ಕೈ ಕಡಿತಿತ್ತು?”

“ಆರು ವರ್ಷದಿಂದ ಈ ಇಬ್ರ ಜಗಳಕ್ಕೆ ನಾನು ಬಾಡಿಗೆ ಕಟ್ಟಿದ್ದೀನಿ,” ಎಂದು ಗಣೇಶ ಆಕಾಶಕ್ಕೆ ಹೇಳಿದ.

ಎಲ್ಲಕ್ಕಿಂತ ಹೆಚ್ಚು ನಿರಾಸೆಯಾದದ್ದು ಗುತ್ತೆಪ್ಪನಿಗೆ. ಕೈಗೆ ಬಂದ ಜಗಳ ಬಾಯಿಗೆ ಬರಲಿಲ್ಲ. “ಹಂಗಾರೆ... ಈಕಿ ಬೇಕಂತ ಮಾಡ್ಲಿಲ್ಲೇನು?”

ಅಂಜಿನವ್ವ ಆವತ್ತು ಮೊದಲ ಸಲ ಅವನತ್ತ ತಿರುಗಿದಳು. “ಬೇಕಂತ ಮಾಡೋದಾಗಿದ್ರೆ ಭಾವಾರೆ, ಬರೀ ಜ್ವಾಳ ಯಾಕ ವಾಪಸ್ ಕಳಿಸ್ತಿದ್ದೆ?”

ಟ್ರೇಲರ್ ಮೇಲಿದ್ದವರು ನಕ್ಕರು. ಗುತ್ತೆಪ್ಪ ಇಳಿದು ಟ್ರ್ಯಾಕ್ಟರಿನ ಆಚೆ ಬದಿಗೆ ಹೋಗಿ, ಸರಿಯಾಗಿಯೇ ಇದ್ದ ಚಕ್ರವನ್ನು ಒದ್ದು ನೋಡತೊಡಗಿದ.

“ಅಕ್ಕ,” ಗಣೇಶ ದನಿ ತಗ್ಗಿಸಿದ, “ಆಗ ಅಂದಿದ್ದು ಮನಸಿಗೆ ಹಚ್ಕೋಬ್ಯಾಡ್ರಿ. ಸೋಮವಾರ ಬರ್ರಿ.”

“ಮೊದ್ಲು ಆ ಹೆಸರು ಓದ್ರಿ.”

ಗಣೇಶ ಬಗ್ಗಿ ಪರದೆಯ ಮೇಲಿನ ಹೆಸರು, ದಿನ, ಗಂಟೆ, ಷರಾ ಎಲ್ಲವನ್ನೂ ಸೂರಪ್ಪನಿಗೆ ಕೇಳುವಂತೆ ಓದಿದ. ‘ಗುಣಮಟ್ಟ’ ಎನ್ನುವಾಗ ಪರಶುರಾಮ್ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆಯೇ ಅಂಜಿನವ್ವ ಸೆರಗಿನಿಂದ ಕೈ ತೆಗೆದು, ಖಲೀಲನ ನೀರು ಕುಡಿದು, ಕೂತಳು. ಫೈಲನ್ನು ಹಿಂದಕ್ಕೆ ತಂದಳು. ಒಂದೊಂದು ಸಾಲಿನಲ್ಲೂ ಬಾರಪ್ಪ ಬಾರಪ್ಪನ ಜಾಗದಲ್ಲಿ, ನಡಿಯಪ್ಪ ನಡಿಯಪ್ಪನ ಜಾಗದಲ್ಲಿ ಇದ್ದಾನೆಯೇ ಎಂದು ಬೆರಳಿಟ್ಟು ನೋಡಿದಳು. ಟ್ಯಾಬಿಗೆ ಕೇಬಲ್ ಚುಚ್ಚಿ ಹೊಸದಾಗಿ ತುಂಬಿದಳು. ಹನ್ನೊಂದು ನಿಮಿಷ. ಖಲೀಲ್ ಹಸಿರು ಒತ್ತಿದ, ಚೀಟಿ ಸರಿಯಾಗಿ ಬಂತು, ಗುತ್ತೆಪ್ಪನ ಗಾಡಿಯೇ ಮೊದಲು ಒಳಗೆ ಹೋಯಿತು. ಅವನು ತಮ್ಮನ ಹೆಂಡತಿಯತ್ತ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು. ಗಣೇಶ ಸೂರಪ್ಪನನ್ನು ಸಮಾಧಾನಪಡಿಸಲು ಒಳಗೆ ಹೋಗಿದ್ದ. ಗೇಟಿನ ನೆರಳಿನಲ್ಲಿ ಅಂಜಿನವ್ವ ಕೇಬಲ್ ಸುತ್ತುತ್ತಿದ್ದಳು. ಪರಶುರಾಮ್ ಎರಡು ಸಲ ಹತ್ತಿರ ಬಂದು ಎರಡು ಸಲ ದೂರ ಹೋದರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಕೇಳಿದರೆ ಕೊಡುವವಳಂತೆ ಆಕೆಯೂ ಕಾಣಲಿಲ್ಲ. ಮೂರನೇ ಸಲ ಬಂದು ನಿಂತೇಬಿಟ್ಟರು.

“ಒಂದು ಕೇಳ್ತೀನಿ, ನಿಜ ಹೇಳ್ರಿ. ನಿಮ್ಮ ಕೆಲಸ ಹೋಗಿತ್ತು, ಊರ ಜನ ಮೈಮೇಲೆ ಬಂದಿದ್ರು, ನಲವತ್ತು ಗಾಡಿ ನಿಂತಿತ್ತು. ನಾನು ಕೊನೇತನಕ ಬಾಯಿ ಬಿಡದೇ ಇದ್ದಿದ್ರೆ ಏನ್ ಮಾಡ್ತಿದ್ರಿ?”

ಅಂಜಿನವ್ವ ಕೇಬಲ್ಲಿಗೆ ರಬ್ಬರ್ ಹಾಕಿ, ಬ್ಯಾಗಿನೊಳಗಿಟ್ಟು, ಜಿಪ್ ಎಳೆದಳು.

“ಸಾರಥಿ ಇಲ್ಲೇ ಐತಲ್ರಿ. ಮನೀಗೆ ಹೋಗಿ ಉಂಡು ಮಲಗ್ತಿದ್ದೆ.”